ಮರುದಿನವೂ ಹೋಗಬೇಕು

ಪ್ರೀತಿಯ ಪುತಾ,

ನಿನ್ನ ಪತ್ರ ಬಂತು. "ಊರಲ್ಲಿದ್ದಾಗ ಒಳ್ಳೆಯವಳಾಗಿರುವುದು ಸುಲಭವಿತ್ತು ಮಾವ್ಶಿ, ಇಲ್ಲಿ ಯಾರಿಗೆ ಯಾರೂ ಇಲ್ಲ" ಎಂದು ಬರೆದಿದ್ದೀ. ಕಾರ್ಕಳ, ಮೂಡುಬಿದಿರೆ, ಶಿರ್ವಗಳಿಂದ ಬೆಂಗಳೂರಿಗೂ ದುಬೈಗೂ ಹೋದ ಎಷ್ಟೋ ಮಕ್ಕಳ ಬಾಯಲ್ಲಿ ಇದೇ ಮಾತು ಕೇಳಿದ್ದೇನೆ. ಅವರೂ ಓದಲೆಂದು ಈ ಉತ್ತರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಲೂಕನ ಶುಭಸಂದೇಶದ ಸಮಾರಿಯದವನ ಕಥೆಯನ್ನು ನೀನು ಚರ್ಚಿನ ಧರ್ಮಶಿಕ್ಷಣದ ದೊತೊರ್ನ್ ಕ್ಲಾಸಿನಿಂದಲೂ ಕೇಳುತ್ತ ಬಂದವಳು. ಜೆರಿಕೋ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟಿದ್ದು ಎಲ್ಲರಿಗೂ ನೆನಪಿರುತ್ತದೆ. ಮುಂದಿನದನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಅವನು ಆ ರಾತ್ರಿ ಛತ್ರದಲ್ಲಿ ಉಳಿದು ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಅಂದಿನ ಕೂಲಿಯವನಿಗೆ ಅದು ಎರಡು ದಿನದ ದುಡಿಮೆ. ಹೆಚ್ಚು ಖರ್ಚಾದರೆ ಹಿಂತಿರುಗಿ ಬರುವಾಗ ತೀರಿಸುತ್ತೇನೆಂದು ಹೇಳಿ ಹೊರಟ. ನನಗೆ ಈ ಕಥೆಯ ಜೀವ ಇರುವುದೇ ಆ ಮರುದಿನದಲ್ಲಿ. ರಕ್ತ ಕಂಡಾಗ ಮನಸ್ಸು ಕರಗುವುದು ಸಹಜ. ಬೆಳಗಾದ ಮೇಲೆ, ಸ್ವಂತ ಕೆಲಸ ಕಾಯುತ್ತಿರುವಾಗ, ದುಡ್ಡು ಎಣಿಸಿ ಕೊಟ್ಟು ಮತ್ತೆ ಬರುತ್ತೇನೆ ಎನ್ನುವುದಕ್ಕೆ ಬೇರೆಯೇ ಮನಸ್ಸು ಬೇಕು.

ನಮ್ಮೂರಲ್ಲಿ ಮೊದಲ ದಿನಕ್ಕೆ ಏನೂ ಕೊರತೆಯಿಲ್ಲ. ಚರ್ಚಿನ ಮರಣದ ಗಂಟೆ ಕೇಳಿದ ಕೂಡಲೇ ವಾಡೊದವರೆಲ್ಲ, ಅಂದರೆ ಚರ್ಚಿನ ನಮ್ಮ ವಾರ್ಡಿನವರೆಲ್ಲ, ಆ ಮನೆಯ ಅಂಗಳದಲ್ಲಿರುತ್ತಾರೆ. ವಾಡೊದ ಮುಖ್ಯಸ್ಥರಾದ ಗುರ್ಕಾರರು ಫಾದರ್ ಹತ್ತಿರ ಹೋಗುತ್ತಾರೆ, ಒಬ್ಬರು ಕುರ್ಚಿ ತರಿಸುತ್ತಾರೆ, ಪಕ್ಕದ ಶೆಟ್ಟರ ಮನೆಯಿಂದ ಗಂಜಿ, ಉಪ್ಪಿನಕಾಯಿ ಬರುತ್ತದೆ. ಏಳನೇ ದಿನದ ಬಲಿಪೂಜೆ, ತಿಂಗಳ ಬಲಿಪೂಜೆ ಮುಗಿದ ಮೇಲೆ ಆ ಮನೆಯ ಗೇಟು ಸದ್ದು ಮಾಡುವುದು ನಿಲ್ಲುತ್ತದೆ. ನಿನ್ನ ಅಜ್ಜಿ ಹೊರಡುತ್ತಿದ್ದದ್ದು ಆಗ. ಬೀಡಿ ಕಟ್ಟುವ ತಡ್ಪೆ (ಮೊರ) ಕಂಕುಳಲ್ಲಿಟ್ಟುಕೊಂಡು, "ನಮ್ಮಲ್ಲಿ ಸೆಕೆ, ನಿಮ್ಮ ಜಗಲಿಯಲ್ಲಿ ಗಾಳಿ ಬರುತ್ತದೆ" ಎಂದು ಹೋಗಿ ಕೂರುತ್ತಿದ್ದಳು. ಗಂಡ ತೀರಿಕೊಂಡವಳ ಕೈ ಅಂಥ ದಿನಗಳಲ್ಲಿ ಓಡುವುದಿಲ್ಲ. ಎಲೆ ಕತ್ತರಿಸಿ ಇಟ್ಟದ್ದು ಹಾಗೇ ಒಣಗುತ್ತಿರುತ್ತದೆ. ಇಬ್ಬರೂ ಹೆಚ್ಚು ಮಾತಿಲ್ಲದೆ ಬೀಡಿ ಕಟ್ಟುತ್ತಿದ್ದರು. ಸಂಜೆ ಬೀಡಿ ಬ್ರಾಂಚಿಗೆ ಕೊಡುವ ಹೊತ್ತಿಗೆ ಅಜ್ಜಿ ಕಟ್ಟಿದ ಒಂದಿಷ್ಟು ಕಟ್ಟುಗಳು ಆ ಮನೆಯ ಲೆಕ್ಕಕ್ಕೆ ಸೇರಿಹೋಗಿರುತ್ತಿದ್ದವು. ಅದನ್ನು ಅವಳೂ ಹೇಳಲಿಲ್ಲ, ಆ ಹೆಂಗಸೂ ಕೇಳಲಿಲ್ಲ.

ನಿನ್ನ ಆಫೀಸಿನ ಹುಡುಗಿಯ ತಂದೆ ತೀರಿಕೊಂಡಾಗ ಎಲ್ಲರೂ ಸೇರಿ ಹಾರ ಹಾಕಿ ಬಂದಿರಿ ಎಂದಿದ್ದೀ. ಒಳ್ಳೆಯದಾಯಿತು. ಈಗ ಅವಳ ಮುಂದೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಬ್ಯಾಂಕಿನ ನಾಮಿನಿ ಅರ್ಜಿ ಎಲ್ಲ ಕೂತಿರುತ್ತವೆ. ಒಂದು ದಿನ ರಜೆ ಹಾಕಿ ಜತೆಗೆ ಹೋಗು. ಜೆರಾಕ್ಸ್ ಪ್ರತಿಗಳನ್ನು ನೀನು ಹಿಡಿದುಕೋ, ಸಾಲಿನಲ್ಲಿ ನೀನು ನಿಲ್ಲು, ಅವಳು ಬೆಂಚಿನ ಮೇಲೆ ಕೂತಿರಲಿ. "ಏನಾದರೂ ಬೇಕಾದರೆ ಹೇಳು" ಎನ್ನಬೇಡ. ದುಃಖದಲ್ಲಿದ್ದವರಿಗೆ ಬೇಕಾದದ್ದನ್ನು ಕೇಳುವ ಶಕ್ತಿ ಇರುವುದಿಲ್ಲ.

ನಮ್ಮ ಚರ್ಚುಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರ ಜತೆ ಶುರುಮಾಡಿದ ಫ್ರೆಡೆರಿಕ್ ಓಜಾನಾಮ್ ಆಗ ಇಪ್ಪತ್ತರ ಹರೆಯದ ವಿದ್ಯಾರ್ಥಿ, ನಿನಗಿಂತ ಚಿಕ್ಕವನು. ಸಭೆಯವರು ಬಡವರ ಮನೆಗೆ ಇಬ್ಬಿಬ್ಬರಾಗಿ, ಮತ್ತೆ ಮತ್ತೆ ಹೋಗುತ್ತಾರೆ. ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯದು. ದಾನವನ್ನು ಬಲಗೈ ಎಡಗೈಗಳ ನಡುವೆಯೂ ಗುಟ್ಟಾಗಿಡಲು ಯೇಸು ಹೇಳಿದ್ದನ್ನು ಒಂದು ಬಟ್ಟೆಯ ಚೀಲದಲ್ಲಿ ಇಷ್ಟು ಸರಳವಾಗಿ ನಡೆಸಿಕೊಂಡು ಬಂದಿದ್ದಾರೆ! ಈಗ ಐದು ಕೆಜಿ ಅಕ್ಕಿ ಕೊಟ್ಟರೂ ಫೋಟೊ ವಾಟ್ಸಾಪಿಗೆ ಬರುತ್ತದೆ. ಆ ಫೋಟೊದಲ್ಲಿ ತೆಗೆದುಕೊಳ್ಳುವವರ ಕಣ್ಣು ನೋಡಿದ್ದೀಯಾ? ನೀನು ಅಂಥ ಫೋಟೊಗೆ ನಿಲ್ಲಬೇಡ.

ಊರನ್ನು ಸ್ವರ್ಗವೆಂದೂ ತಿಳಿಯಬೇಡ. ಯೇಸು ಬೆಳೆದ ನಜರೇತೂ ಒಂದು ಸಣ್ಣ ಊರೇ. ಬಡಗಿಯ ಮಗನಿಗೆ ಇಷ್ಟೆಲ್ಲ ಎಲ್ಲಿಂದ ಬಂತೆಂದು ಹುಬ್ಬೇರಿಸಿದವರು, ಬೆಟ್ಟದ ಅಂಚಿನಿಂದ ಅವನನ್ನು ತಳ್ಳಲು ಹೊರಟವರು, ಅವನನ್ನು ಚಿಕ್ಕಂದಿನಿಂದ ಬಲ್ಲ ಜನರೇ. ಯಾರ ಮನೆಯಲ್ಲಿ ಒಲೆ ಉರಿದಿಲ್ಲವೆಂದು ಗಮನಿಸುವ ಕಣ್ಣೇ ಯಾರ ಮಗಳು ಯಾರ ಬೈಕಿನಲ್ಲಿ ಬಂದಳೆಂದೂ ಗಮನಿಸುತ್ತದೆ. ನಮ್ಮ ವಾಡೊದಲ್ಲೇ ಅಂಥ ಮಾತಿನಿಂದ ಮದುವೆ ಮುರಿದದ್ದಿದೆ, ಊರು ಬಿಟ್ಟವರಿದ್ದಾರೆ. ನಗರದಲ್ಲಿ ನಿನಗೆ ಸಿಕ್ಕಿರುವ ಸ್ವಾತಂತ್ರ್ಯ ನನಗೆ ಸಂತೋಷವೇ. ಪಕ್ಕದವರ ಕಷ್ಟ ಗಮನಿಸು, ಅವರ ಬದುಕಿನ ತೀರ್ಪು ಹೇಳಲು ಹೋಗಬೇಡ.

ಇನ್ನೊಂದು ಮಾತು, ಇದು ನಮ್ಮವರಿಗೆಲ್ಲ ಬೇಕಾದದ್ದು. ಸಮಾರಿಯದವನ ಆ ಕಥೆ ಕೇಳುತ್ತಿದ್ದ ಯೆಹೂದ್ಯರಿಗೆ ಸಮಾರಿಯದವರೆಂದರೆ ಆಗದು. ಕಥೆಯಲ್ಲಿ ಬಿದ್ದವನು ಅವರ ಪೈಕಿಯವನು, ಎತ್ತಿದವನು ಹೊರಗಿನವನು. ಉಪಕಾರ ಮಾಡುವವರು ಯಾವಾಗಲೂ ನಾವೇ ಎಂಬ ಭಾವನೆ ಕ್ರೈಸ್ತರಲ್ಲಿ ಸುಲಭವಾಗಿ ಬೆಳೆಯುತ್ತದೆ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಸಾಂತ್‌ಮಾರಿ ಜಾತ್ರೆಗೆ ಬಂದು ಮೇಣದ ಬತ್ತಿ ಹಚ್ಚುವವರ ಸಾಲು ನೋಡು: ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲ ಇರುತ್ತಾರೆ. 2016ರಲ್ಲಿ ಬಸಿಲಿಕಾ ಆದ ಆ ಚರ್ಚಿನ ಹೆಸರನ್ನು ಬೆಳೆಸಿದವರಲ್ಲಿ ಅವರೂ ಸೇರಿದ್ದಾರೆ. ಹಾಗಾಗಿ ಪಡೆಯುವುದನ್ನೂ ಕಲಿ; ನಿನಗೆ ಜ್ವರ ಬಂದಾಗ ಪಿಜಿಯ ಹುಡುಗಿಯರು ಗಂಜಿ ಮಾಡಿಕೊಟ್ಟರೆ "ಅಯ್ಯೋ ಬೇಡ" ಎನ್ನದೆ ಕುಡಿ.

ನಮ್ಮ ಹೊಸ ತೆನೆಯ ಹಬ್ಬ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ರಜೆ ಸಿಗುವುದಿಲ್ಲವಲ್ಲ, ಆಶೀರ್ವದಿಸಿದ ಭತ್ತದ ತೆನೆಯನ್ನು ಲಕೋಟೆಯಲ್ಲಿಟ್ಟು ಕಳಿಸುತ್ತೇನೆ. ಕಾಳು ಸುಲಿದು, ಪುಡಿಮಾಡಿ ಪಾಯಸಕ್ಕೆ ಹಾಕು. ಅಂದು ನಮ್ಮದು ಮೀನು ಮಾಂಸ ಇಲ್ಲದ ಊಟ, ಹಾಗಾಗಿ ಯಾರನ್ನು ಕರೆದರೂ ಸಂಕೋಚವಿಲ್ಲದೆ ಉಣ್ಣಬಹುದು. ಪಿಜಿಯ ಅಡುಗೆಯಾಕೆಯನ್ನೂ ಕೂರಿಸಿಕೊಂಡು ಅವಳ ಎಲೆಗೆ ನೀನೇ ಬಡಿಸು.

ನಿನ್ನ ಮಾವ್ಶಿ