ಫಾರ್ಮ್ಯಾಟ್ ಹೊಡೆಯುವ ಮುನ್ನ

ಕಂಪ್ಯೂಟರ್ ಕೈಕೊಟ್ಟರೆ ನಮ್ಮೂರಲ್ಲಿ ಮೊದಲು ಸಿಗುವ ಸಲಹೆ ಒಂದೇ: 'ಫಾರ್ಮ್ಯಾಟ್ ಹೊಡೆಸಿಬಿಡಿ ಸಾರ್.' ಡಿಟಿಪಿ ಅಂಗಡಿ ಇಟ್ಟುಕೊಂಡವನಿಗೆ ಈ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ವಿಂಡೋಸ್ ಹೊಸದಾಗಿ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ನುಡಿ ಫಾಂಟುಗಳು, ಹಳೆಯ ಪೇಜ್‌ಮೇಕರ್, ಅದಕ್ಕೆ ಹೊಂದಿಸಿಟ್ಟ ಪ್ರಿಂಟರ್, ಡೆಸ್ಕ್‌ಟಾಪ್ ತುಂಬ ಹರಡಿದ ಲಗ್ನಪತ್ರಿಕೆಗಳು, ಇವೆಲ್ಲ ಮೊದಲಿನಂತಾಗಲು ವಾರ ಸಾಲದು.

ಮಳೆಗಾಲದಲ್ಲಿ ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟು ಹೋಯಿತು, ಯುಪಿಎಸ್ಸೂ ಕೈಬಿಟ್ಟಿತು. ಮತ್ತೆ ಆನ್ ಮಾಡಿದರೆ ವಿಂಡೋಸ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲು ನೋಡಿ, ಆಗದೆಂದು ಕೈಚೆಲ್ಲಿತು. ಆ ಪರದೆಯ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೇ ಕಮಾಂಡ್ ಪ್ರಾಂಪ್ಟ್ ಇದೆ. ಬೇರೆ ಸಾಫ್ಟ್‌ವೇರ್ ಕೊಳ್ಳುವ ಮಾತೇ ಇಲ್ಲ.

ಅಲ್ಲಿ ಮೊದಲು ಕಾಣುವುದು ಎಕ್ಸ್ ಡ್ರೈವ್. ಅದು ನಮ್ಮ ಡಿಸ್ಕಲ್ಲ, ರ್‍ಯಾಮಿನಲ್ಲಿ ತಾತ್ಕಾಲಿಕವಾಗಿ ಎಬ್ಬಿಸಿದ್ದು. ಅಕ್ಷರಗಳೂ ಅದಲುಬದಲಾಗಿರಬಹುದು. ನನ್ನ ಯಂತ್ರದಲ್ಲಿ ಸಿ ಎಂದು ತೋರಿಸಿದ್ದು ಹಳೆಯ ಕೆಲಸಗಳನ್ನಿಟ್ಟ ಎರಡನೇ ಡಿಸ್ಕು, ವಿಂಡೋಸ್ ಕೂತಿದ್ದು ಡಿಯಲ್ಲಿ. 'ಡಿಸ್ಕ್‌ಪಾರ್ಟ್' ಹೊಡೆದು 'ಲಿಸ್ಟ್ ವಾಲ್ಯೂಮ್' ಎಂದರೆ ಪಟ್ಟಿ ಬರುತ್ತದೆ, ಗಾತ್ರ ನೋಡಿ ಯಾವುದು ಯಾವುದೆಂದು ಗುರುತು ಹಿಡಿಯಬಹುದು. ಅದೇ ಡಿಸ್ಕ್‌ಪಾರ್ಟಿನಲ್ಲಿ 'ಕ್ಲೀನ್' ಎಂಬ ಆಜ್ಞೆಯೂ ಇದೆ. ಹೆಸರು ಸಾಧು, ಕೆಲಸ ಮಾತ್ರ ಡಿಸ್ಕಿನ ವಿಭಾಗಗಳನ್ನೆಲ್ಲ ಅಳಿಸಿಹಾಕುವುದು. ನೋಡಬೇಕಾದ್ದು ನೋಡಿ 'ಎಕ್ಸಿಟ್' ಕೊಟ್ಟು ಹೊರಬರಬೇಕು.

ಆಮೇಲೂ ರಿಪೇರಿಗೆ ಕೈ ಹಾಕಲಿಲ್ಲ. 'ನೋಟ್‌ಪ್ಯಾಡ್' ಎಂದು ಟೈಪಿಸಿದೆ. ಪಠ್ಯ ಬರೆಯುವ ಆ ಪುಟ್ಟ ಕಿಟಕಿ ಇಲ್ಲೂ ತೆರೆದುಕೊಳ್ಳುತ್ತದೆ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, 'ಆಲ್ ಫೈಲ್ಸ್' ಆರಿಸಿದರೆ ಡ್ರೈವುಗಳೆಲ್ಲ ಕಣ್ಣಮುಂದೆ. ಬೇಕಾದ್ದನ್ನು ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿನಲ್ಲಿ ಪೇಸ್ಟ್. ಗಿರಾಕಿಗಳ ಪತ್ರಿಕೆಗಳು ಹೊರಬಂದ ಮೇಲೆ ನನಗೆ ಉಸಿರು ಬಂತು. (ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪಿನಲ್ಲಿ ಇಷ್ಟು ಸಲೀಸಲ್ಲ, 48 ಅಂಕಿಗಳ ಕೀ ಕೇಳುತ್ತದೆ. ಅದನ್ನು ಇವತ್ತೇ ಕಾಗದದಲ್ಲಿ ಬರೆದಿಡಿ.)

ನಂತರ ಚೆಕ್‌ಡಿಸ್ಕ್. ಬರೀ ಡ್ರೈವಿನ ಹೆಸರು ಕೊಟ್ಟರೆ ಅದು ಓದಿ ವರದಿ ಒಪ್ಪಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಎಫ್ ಸೇರಿಸಿದರೆ ಫೈಲ್ ವ್ಯವಸ್ಥೆಯ ದೋಷ ತಿದ್ದುತ್ತದೆ. ಆರ್ ಸೇರಿಸಿದರೆ ಡಿಸ್ಕಿನ ಮೂಲೆಮೂಲೆ ಓದಿ ಕೆಟ್ಟ ಸೆಕ್ಟರ್ ಹುಡುಕುತ್ತದೆ, ಹಾರ್ಡ್ ಡಿಸ್ಕಾದರೆ ಗಂಟೆಗಟ್ಟಲೆ. ಕೊನೆಯುಸಿರು ಎಳೆಯುತ್ತಿರುವ ಡಿಸ್ಕಿಗೆ ಇದು ಪ್ರಾಣಾಂತಿಕ, ಕಾಪಿ ಮೊದಲಾಗಬೇಕೆನ್ನುವುದು ಅದಕ್ಕೇ.

ಬೂಟ್ ಸರಿಪಡಿಸಲು ಎಲ್ಲರೂ ಹೇಳುವ 'ಬೂಟ್‌ರೆಕ್ ಫಿಕ್ಸ್‌ಬೂಟ್' ನನಗೆ 'ಆಕ್ಸೆಸ್ ಈಸ್ ಡಿನೈಡ್' ಎಂದಿತು. ಯುಇಎಫ್‌ಐ ಯಂತ್ರಗಳಲ್ಲಿ ಈ ಉತ್ತರ ಮಾಮೂಲು. ಡಿಸ್ಕ್‌ಪಾರ್ಟಿಗೆ ಮರಳಿ, ಫ್ಯಾಟ್32 ಎಂದು ತೋರಿಸುವ ಪುಟ್ಟ ಇಎಫ್‌ಐ ವಿಭಾಗಕ್ಕೆ ಒಂದು ಅಕ್ಷರ ಕೊಟ್ಟು, 'ಬಿಸಿಡಿಬೂಟ್'ಗೆ ಡಿ ಡ್ರೈವಿನ ವಿಂಡೋಸ್ ಫೋಲ್ಡರ್ ತೋರಿಸಿದೆ. ಬೂಟ್ ಫೈಲುಗಳನ್ನು ಅದು ಹೊಸದಾಗಿ ಬರೆಯಿತು. ವಿಂಡೋಸ್ ಎದ್ದಿತು.

ಎದ್ದ ಮೇಲೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಸ್ಮ್‌ನ 'ರಿಸ್ಟೋರ್‌ಹೆಲ್ತ್', ಬಳಿಕ 'ಎಸ್‌ಎಫ್‌ಸಿ ಸ್ಕ್ಯಾನ್‌ನೌ'. ಎಸ್‌ಎಫ್‌ಸಿ ಕೆಟ್ಟ ಫೈಲಿಗೆ ಬದಲಿಯನ್ನು ತರುವುದು ವಿಂಡೋಸಿನದೇ ಉಗ್ರಾಣದಿಂದ. ಉಗ್ರಾಣವೇ ಹಾಳಾಗಿದ್ದರೆ ಅದನ್ನು ಸರಿಮಾಡುವುದು ಡಿಸ್ಮ್, ಅದಕ್ಕೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು. ಶೇಕಡಾವಾರು ಅಂಕಿ ಒಂದೇ ಕಡೆ ಬಹಳ ಹೊತ್ತು ನಿಲ್ಲುತ್ತದೆ, ಕಿಟಕಿ ಮುಚ್ಚಬೇಡಿ, ಚಹಾ ಕುಡಿದು ಬನ್ನಿ.

ವಿಂಡೋಸ್ ಡ್ರೈವು ಗಟ್ಟಿಯಿತ್ತು. ಎರಡನೇ ಡಿಸ್ಕಿನಲ್ಲಿ ಮಾತ್ರ ಚೆಕ್‌ಡಿಸ್ಕ್ ಕೆಟ್ಟ ಸೆಕ್ಟರುಗಳನ್ನು ತೋರಿಸಿತು. ಅದನ್ನು ಉಳಿಸುವ ಗೊಡವೆಗೆ ಹೋಗದೆ, ಫೈಲುಗಳನ್ನು ಹೊಸ ಎಸ್‌ಎಸ್‌ಡಿಗೆ ಸಾಗಿಸಿ, ಹಳೆಯದನ್ನು ಕಳಚಿಟ್ಟೆ.