ಉದರದ ಆಮ್ಲಗಳೂ ಮನಸ್ಸಿನ ಖಿನ್ನತೆಯೂ

ಮನಸ್ಸಿನ ಭಾವಗಳನ್ನು ಹೊಟ್ಟೆಯಲ್ಲಿಟ್ಟು ನುಡಿಯುವುದು ಕನ್ನಡಿಗರ ರೂಢಿ. ಪರರ ಏಳ್ಗೆಯನ್ನು ಸಹಿಸಲಾರದವನದು ಹೊಟ್ಟೆಕಿಚ್ಚು. ಮಗನನ್ನು ಕಳೆದುಕೊಂಡ ತಾಯಿಯದು ಹೊಟ್ಟೆಯ ಸಂಕಟ. ತಪ್ಪನ್ನು ಮನ್ನಿಸಿರೆಂಬುದಕ್ಕೆ ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ಆದರೆ ನುಡಿಗಟ್ಟು ಪ್ರಮಾಣವಾಗದು. ಉದರಕ್ಕೂ ಮನಸ್ಸಿಗೂ ಇರುವ ನಂಟನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದಾಗ ಕಂಡುಬಂದುದೇನೆಂಬುದನ್ನು ಅಧ್ಯಾಪಕ ಬಂಧುಗಳ ಹಾಗೂ ಹಿರಿಯ ವಿದ್ಯಾರ್ಥಿಗಳ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ನಾವು ಉಣ್ಣುವ ಜೋಳ, ರಾಗಿ, ಕಾಳು, ಸೊಪ್ಪುಗಳಲ್ಲಿರುವ ನಾರು ಜಠರದಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಪಚನವಾಗುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಮುಖ್ಯವಾಗಿ ಮೂರು ಆಮ್ಲಗಳನ್ನು ಉತ್ಪಾದಿಸುತ್ತವೆ. ಇಂಗಾಲದ ಸರಪಳಿ ಚಿಕ್ಕದಾದುದರಿಂದ ಇವುಗಳಿಗೆ ‘ಹ್ರಸ್ವ ಸರಪಳಿಯ ಕೊಬ್ಬಿನಾಮ್ಲ’ಗಳೆಂದು ಹೆಸರು. 2 ಇಂಗಾಲ ಪರಮಾಣುಗಳುಳ್ಳದ್ದು ಅಸಿಟಿಕ್ ಆಮ್ಲ. ವಿನಿಗರ್‌ನ ಹುಳಿಯೂ ಇದರದೇ. 3 ಉಳ್ಳದ್ದು ಪ್ರೊಪಿಯಾನಿಕ್. ಗ್ರೀಕ್ ಮೂಲದ ಈ ಪದಕ್ಕೆ ‘ಮೊದಲ ಕೊಬ್ಬು’ ಎಂದರ್ಥ. 4 ಉಳ್ಳದ್ದು ಬ್ಯುಟಿರಿಕ್. ಬೆಣ್ಣೆಯ ಹೆಸರಿನಿಂದ ನಿಷ್ಪನ್ನವಾದ ಶಬ್ದ. ಈ ಕಡೆಯದು ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಇಂಧನ.

2004ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ನೊಬುಯುಕಿ ಸುಡೊ ಮತ್ತು ಸಂಗಡಿಗರು, ಹುಟ್ಟಿನಿಂದಲೇ ಸೂಕ್ಷ್ಮಜೀವಿರಹಿತವಾಗಿ ಬೆಳೆಸಿದ ಇಲಿಗಳನ್ನು ಬಂಧಿಸಿಟ್ಟಾಗ ಅವುಗಳ ಒತ್ತಡದ ಹಾರ್ಮೋನುಗಳು ಸಾಮಾನ್ಯ ಇಲಿಗಳಲ್ಲಿಗಿಂತ ಹೆಚ್ಚಾಗಿ ಏರಿದುದನ್ನು ತೋರಿಸಿದರು. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬ್ಯುಟಿರಿಕ್ ಆಮ್ಲದ ಸೋಡಿಯಂ ಲವಣವನ್ನು ಪಡೆದ ಇಲಿಗಳು, ಬಾಲ ಕಟ್ಟಿ ತೂಗುಹಾಕಿದಾಗ ಕೈಚೆಲ್ಲಿ ನಿಶ್ಚಲವಾಗುವ ಅವಧಿ ಕಡಿಮೆಯಾಯಿತು. 2018ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು, ದೀರ್ಘಕಾಲ ಒತ್ತಡಕ್ಕೊಳಗಾದ ಇಲಿಗಳಿಗೆ ಮೂರೂ ಆಮ್ಲಗಳ ಲವಣಗಳನ್ನು ಕುಡಿಯುವ ನೀರಿನಲ್ಲಿ ಬೆರೆಸಿಕೊಟ್ಟರು. ಸುಖದಲ್ಲಿ ಕುಂದಿದ ಆಸಕ್ತಿ ಚೇತರಿಸಿತು. ಕರುಳಿನ ಗೋಡೆಯ ಸೋರಿಕೆ ತಗ್ಗಿತು. ಆದರೆ ಒತ್ತಡದಿಂದ ದೇಹತೂಕದಲ್ಲಾದ ವ್ಯತ್ಯಾಸ ಸರಿಹೋಗಲಿಲ್ಲ.

ಇದಕ್ಕೆ ಕಾರಣವೇನು? ಜೀವಕೋಶದಲ್ಲಿ ಡಿ.ಎನ್.ಎ. ಎಳೆಯು ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಆ ಸುತ್ತನ್ನು ಬಿಗಿಗೊಳಿಸುವ ಕಿಣ್ವವನ್ನು ಬ್ಯುಟಿರಿಕ್ ಆಮ್ಲ ತಡೆಯುವುದರಿಂದ ಕೆಲವು ಜೀನುಗಳು ಹೆಚ್ಚು ಕ್ರಿಯಾಶೀಲವಾಗುತ್ತವೆ. ಕರುಳಿನ ಗೋಡೆ ಭದ್ರವಾದಾಗ ಉರಿಯೂತದ ಪ್ರಚೋದನೆಯೂ ತಗ್ಗುತ್ತದೆ.

ಇಷ್ಟರಿಂದಲೇ ಮುದ್ದೆ, ರೊಟ್ಟಿಗಳು ಖಿನ್ನತೆಗೆ ಮದ್ದೆಂದು ಸಾರುವುದು ಅವಸರದ ಮಾತಾದೀತು. ಪ್ರೊಪಿಯಾನಿಕ್ ಆಮ್ಲವನ್ನು ನೇರವಾಗಿ ಮಿದುಳಿನ ಕುಹರಕ್ಕೆ ಸೇರಿಸಿದ ಇಲಿಗಳಲ್ಲಿ ವಿಪರೀತ ವರ್ತನೆ ಕಂಡುಬಂದಿದೆ. ಪ್ರಮಾಣವೂ ಮಾರ್ಗವೂ ಬದಲಾದರೆ ಫಲವೂ ಬದಲಾಗುತ್ತದೆ. ಅಲ್ಲದೆ ಇಲಿಗೆ ಮಾತಿಲ್ಲ. ಅದರ ನಿಶ್ಚಲತೆಯನ್ನು ನಾವು ಅಳೆಯಬಲ್ಲೆವು, ದುಃಖವನ್ನಲ್ಲ.

ಈ ವಿಷಯ ನನ್ನ ಮನಸ್ಸಿಗೆ ನಾಟಲು ಬೇರೊಂದು ಕಾರಣವುಂಟು. ಹಲವು ವರ್ಷಗಳ ಹಿಂದೆ, ಕಂಠಪಾಠದಲ್ಲಿ ಮುಂದಿದ್ದ ಬಾಲಕನೊಬ್ಬ ಕ್ರಮೇಣ ಮೌನಿಯಾಗಿ, ಊಟವನ್ನೂ ಅರ್ಧಕ್ಕೆ ಬಿಟ್ಟು ಹಿಂದಿನ ಸಾಲಿನಲ್ಲಿ ಕೂರತೊಡಗಿದ. ಸೋಮಾರಿಯೆಂದು ನಾನು ಅವನನ್ನು ಎಲ್ಲರೆದುರು ಜರೆದೆ. ಅವನು ಶಾಲೆ ಬಿಟ್ಟ ಮೇಲೆ, ಅದು ಖಿನ್ನತೆಯೆಂದು ವೈದ್ಯರು ಗುರುತಿಸಿದ ಸಂಗತಿ ತಿಳಿಯಿತು. ನಿಶ್ಚಲವಾದ ಇಲಿಯನ್ನು ಸೋಮಾರಿಯೆಂದು ಯಾವ ಸಂಶೋಧಕನೂ ಬರೆದಿಡಲಿಲ್ಲ, ಕಾರಣವನ್ನು ಅರಸಿದ. ಖಿದ್ ಧಾತುವಿನಿಂದ ಖಿನ್ನ ಶಬ್ದವನ್ನು ಸಾಧಿಸಬಲ್ಲ ನಾನು ಖಿನ್ನನಾದ ಶಿಷ್ಯನನ್ನು ಗುರುತಿಸದೆಹೋದೆ.

ಮಕ್ಕಳ ತಟ್ಟೆಯಲ್ಲಿ ಕಾಳು, ಸೊಪ್ಪುಗಳಿರಲಿ. ಅದು ಹೇಗೂ ಹಿತಕರ. ಅದಕ್ಕೆ ನೆರವಾಗುವ ದಾನಿಗಳ ಔದಾರ್ಯವೂ ಸ್ತುತ್ಯರ್ಹ. ಆದರೆ ತಟ್ಟೆಯನ್ನು ಹಾಗೆಯೇ ಬಿಟ್ಟೇಳುವ ಮಗುವನ್ನು ಗದರುವ ಮುನ್ನ ಬಳಿಗೆ ಕರೆದು ವಿಚಾರಿಸೋಣ. ಅಗತ್ಯವೆನಿಸಿದರೆ ಪೋಷಕರೊಡನೆ ಮಾತನಾಡಿ ವೈದ್ಯರಲ್ಲಿಗೆ ಕಳುಹಿಸೋಣ.