ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆಗೆ ನಿಲ್ಲುವಿರಾ? ಲೆಕ್ಕವನ್ನು ಆನ್‌ಲೈನ್‌ನಲ್ಲಿ ಒಪ್ಪಿಸುವುದು ಹೀಗೆ

ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡಿಗರು ಸಿಟಿ ಕೌನ್ಸಿಲ್‌ಗೋ ಶಾಲಾ ಮಂಡಳಿಗೋ ನಿಲ್ಲಬೇಕೆಂದರೆ ಪ್ರಚಾರಕ್ಕಿಂತ ಮೊದಲು ಲೆಕ್ಕಪತ್ರಕ್ಕೆ ಕೂರಬೇಕು. ಕ್ಯಾಲಿಫೋರ್ನಿಯಾದ ಮತದಾರರು 1974ರಲ್ಲಿ ತಾವೇ ಮತ ಹಾಕಿ ತಂದ ಪೊಲಿಟಿಕಲ್ ರಿಫಾರ್ಮ್ ಕಾಯ್ದೆ ಹಾಗೆ ಕೇಳುತ್ತದೆ. ಅಭ್ಯರ್ಥಿಗೆ ಯಾರು ಎಷ್ಟು ಕೊಟ್ಟರು ಎಂಬುದು ಮತದಾನಕ್ಕೆ ಮುಂಚೆಯೇ ಊರಿನವರಿಗೆ ಗೊತ್ತಾಗಬೇಕು ಎಂಬುದೇ ಅದರ ಜೀವಾಳ.

ಹಣ ಮುಟ್ಟುವ ಮುನ್ನ

ದೇಣಿಗೆ ಕೇಳುವ ಅಥವಾ ಸ್ವಂತ ದುಡ್ಡು ಹಾಕುವ ಮೊದಲು ಫಾರ್ಮ್ 501 ಸಲ್ಲಿಸಿ. ಇಡೀ ವರ್ಷದ ಸಂಗ್ರಹವೂ ಖರ್ಚೂ 2,000 ಡಾಲರ್ ಮುಟ್ಟುವುದಿಲ್ಲ ಎನಿಸಿದರೆ ಚಿಕ್ಕದಾದ ಫಾರ್ಮ್ 470 ಸಾಕು. ದೇಣಿಗೆ 2,000 ಮುಟ್ಟಿದರೆ ಹತ್ತು ದಿನದೊಳಗೆ ಫಾರ್ಮ್ 410 ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋಗಬೇಕು. ಅಲ್ಲಿಂದ ನಿಮ್ಮ ಪ್ರಚಾರ ಸಮಿತಿಯ ಗುರುತಿನ ಸಂಖ್ಯೆ ಬರುತ್ತದೆ. ಖಜಾಂಚಿ ಮತ್ತು ಪ್ರತ್ಯೇಕ ಬ್ಯಾಂಕ್ ಖಾತೆ ಕಡ್ಡಾಯ.

ಲಾಗಿನ್ ಮತ್ತು ಸಹಿ

ಕೌನ್ಸಿಲ್ ಅಭ್ಯರ್ಥಿಗಳು ಸಿಟಿ ಕ್ಲರ್ಕ್ ಕಚೇರಿಗೆ, ಶಾಲಾ ಮಂಡಳಿಯವರು ಕೌಂಟಿಯ ಚುನಾವಣಾ ಕಚೇರಿಗೆ ಲೆಕ್ಕ ಕೊಡುತ್ತಾರೆ. ಆನ್‌ಲೈನ್ ಸಲ್ಲಿಕೆಯನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ರಾಜ್ಯದ ಕಾನೂನೇ ಕೊಟ್ಟಿದೆ. 2,000 ಡಾಲರ್‌ಗಿಂತ ಕಡಿಮೆ ವಹಿವಾಟಿನವರಿಗೆ ವಿನಾಯಿತಿ. ಸ್ಯಾನ್ ಹೋಸೆ ನಗರ, ಸಾಂತಾ ಕ್ಲಾರಾ ಕೌಂಟಿಗಳಲ್ಲಿ ಬಳಕೆಯಲ್ಲಿರುವುದು ನೆಟ್‌ಫೈಲ್ ಎಂಬ ತಂತ್ರಾಂಶ. ಶುಲ್ಕವಿಲ್ಲ. ಅಭ್ಯರ್ಥಿ, ಖಜಾಂಚಿ ಇಬ್ಬರ ಎಲೆಕ್ಟ್ರಾನಿಕ್ ಸಹಿಯನ್ನೂ ಗಡುವಿಗೆ ಕೆಲವು ವಾರ ಇರುವಾಗಲೇ ಸಿದ್ಧಮಾಡಿಕೊಳ್ಳಿ.

ದಿನದ ನಮೂದು ಆ ದಿನವೇ

ನಿಜವಾದ ಕೆಲಸ ಇರುವುದು ಇಲ್ಲಿ. 100 ಡಾಲರ್ ಅಥವಾ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ವೃತ್ತಿ, ಕೆಲಸ ಮಾಡುವ ಕಂಪನಿ ನಾಲ್ಕೂ ಬೇಕು. ವೃತ್ತಿ, ಕಂಪನಿಯ ವಿವರ 60 ದಿನದಲ್ಲಿ ಸಿಗದಿದ್ದರೆ ಆ ಹಣವನ್ನು ಹಿಂದಿರುಗಿಸಬೇಕು. 100 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ನಗದು ಪಡೆಯುವಂತಿಲ್ಲ.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ್ದು ಇನ್ನೊಂದಿದೆ. ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದಲ್ಲಿರುವ ಗೆಳೆಯರಾಗಲಿ, ಬೆಂಗಳೂರಿನಲ್ಲಿರುವ ಭಾರತೀಯ ಪ್ರಜೆಯಾದ ಸೋದರಮಾವನಾಗಲಿ ಕೊಡುವಂತಿಲ್ಲ. ಈ ಫೆಡರಲ್ ನಿಷೇಧ ಶಾಲಾ ಮಂಡಳಿಯ ಚುನಾವಣೆಗೂ ಅನ್ವಯಿಸುತ್ತದೆ. ಅಭಿಮಾನದಿಂದ ಬಂದ ಹಣವನ್ನು ಬೇಡವೆನ್ನುವುದು ಕಷ್ಟ, ಆದರೂ ಕೇಳಿ ಖಚಿತಪಡಿಸಿಕೊಂಡೇ ಪಡೆಯಿರಿ.

ವಸ್ತುವಿನ ರೂಪದ ನೆರವೂ ದೇಣಿಗೆಯೇ. ಮನೆಯಲ್ಲಿ ಸಭೆ ಕರೆದವರು ಅದಕ್ಕೆ ಮಾಡುವ ಖರ್ಚು 500 ಡಾಲರ್ ಒಳಗಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಕೇಟರಿಂಗ್‌ನವರು ಸಮಾರಂಭಕ್ಕೆ ಬಿಸಿಬೇಳೆಬಾತ್ ಪುಕ್ಕಟೆ ಕಳಿಸಿದರೆ ಮಾತ್ರ ಅದರ ಮಾರುಕಟ್ಟೆ ಬೆಲೆಯನ್ನು ಶೆಡ್ಯೂಲ್ ‘ಸಿ’ಯಲ್ಲಿ ತೋರಿಸಬೇಕು.

ಫಾರ್ಮ್ 460

ಇದೇ ಮುಖ್ಯ ವರದಿ. ಚುನಾವಣೆಗೆ 40 ದಿನ ಇರುವಾಗ ಒಮ್ಮೆ, 12 ದಿನ ಇರುವಾಗ ಇನ್ನೊಮ್ಮೆ ಸಲ್ಲಿಸಬೇಕು. 2026ರ ನವೆಂಬರ್ 3ರ ಚುನಾವಣೆಗೆ ಆ ದಿನಾಂಕಗಳು ಸೆಪ್ಟೆಂಬರ್ 24 ಮತ್ತು ಅಕ್ಟೋಬರ್ 22. ಜುಲೈ 31, ಜನವರಿ 31ರ ಅರ್ಧವಾರ್ಷಿಕ ವರದಿಗಳು ಬೇರೆ.

ದಿನವೂ ನಮೂದು ಮಾಡಿದ್ದರೆ ತಂತ್ರಾಂಶವೇ ಶೆಡ್ಯೂಲ್‌ಗಳನ್ನು ತುಂಬಿಕೊಡುತ್ತದೆ. ನೀವು ನೋಡಬೇಕಾದ್ದು ಮೂರು: ಹಿಂದಿನ ವರದಿಯ ಆಖೈರು ಶಿಲ್ಕು ಈ ವರದಿಯ ಆರಂಭದ ಶಿಲ್ಕಾಗಿದೆಯೇ, ನೀವೇ ಕೊಟ್ಟ ಸಾಲ ಶೆಡ್ಯೂಲ್ ‘ಬಿ’ಯಲ್ಲಿದೆಯೇ, ಮುದ್ರಣಾಲಯಕ್ಕೆ ಇನ್ನೂ ಕೊಡಬೇಕಿರುವ ಬಾಕಿ ‘ಎಫ್’ನಲ್ಲಿದೆಯೇ. ಸುಳ್ಳಾದರೆ ಶಿಕ್ಷೆಗೆ ಬದ್ಧ ಎಂಬ ಘೋಷಣೆಯ ಕೆಳಗೆ ನಿಮ್ಮ ಸಹಿ ಬೀಳುತ್ತದೆ, ಖಜಾಂಚಿಯವರ ಮೇಲೆ ಭಾರ ಹಾಕಿ ಓದದೆ ಒತ್ತಬೇಡಿ. ಡ್ರಾಫ್ಟ್ ಉಳಿಸಿದ ಮಾತ್ರಕ್ಕೆ ಸಲ್ಲಿಸಿದಂತಲ್ಲ. ದಿನಾಂಕ, ಸಮಯ ಇರುವ ದೃಢೀಕರಣ ಬಂದ ಮೇಲಷ್ಟೇ ಕೆಲಸ ಮುಗಿಯಿತು. ಅದನ್ನು ಜೋಪಾನವಾಗಿಡಿ.

ಕೊನೆಯ 90 ದಿನಗಳಲ್ಲಿ ಒಬ್ಬರಿಂದಲೇ 1,000 ಡಾಲರ್ ಅಥವಾ ಹೆಚ್ಚು ಬಂದರೆ 24 ಗಂಟೆಯೊಳಗೆ ಫಾರ್ಮ್ 497. ನೀವೇ ಹಾಕಿದ ಹಣಕ್ಕೂ ಇದೇ ನಿಯಮ.

ಗಡುವು ಮುಗಿದ 72 ಗಂಟೆಯೊಳಗೆ ಕಚೇರಿಯವರು ವರದಿಯನ್ನು, ದಾನಿಗಳ ಬೀದಿ ವಿಳಾಸ ಮರೆಮಾಚಿ, ಜಾಲತಾಣದಲ್ಲಿ ಹಾಕಬೇಕು. ತಪ್ಪು ಕಂಡರೆ ತಿದ್ದುಪಡಿ ವರದಿ ಕೂಡಲೇ ಕಳಿಸಿ. ತಡವಾದರೆ ದಿನಕ್ಕೆ 10 ಡಾಲರ್ ದಂಡ ಬೀಳಬಹುದು.

ಸೋತರೂ ಹೊಣೆ ತಪ್ಪುವುದಿಲ್ಲ. ಸಾಲ, ಬಾಕಿ ತೀರಿಸಿ ಖಾತೆಯನ್ನು ಸೊನ್ನೆಗೆ ತಂದು, ಕೊನೆಯ 460 ಜೊತೆಗೆ ಸಮಿತಿ ಮುಚ್ಚುವ ಫಾರ್ಮ್ 410 ಸಲ್ಲಿಸುವವರೆಗೂ ಅರ್ಧವಾರ್ಷಿಕ ವರದಿ ಕೊಡುತ್ತಲೇ ಇರಬೇಕು. ರಶೀದಿಗಳನ್ನು ನಾಲ್ಕು ವರ್ಷ ಇಟ್ಟುಕೊಳ್ಳಿ.